ಮೂವತ್ತು ಮನೆಯ ಡಬ್ಬಿ

ಸಂಕ್ರಾಂತಿ ಕಳೆದು ಐದು ದಿನವಾಗಿತ್ತು. ನಿಟ್ಟೂರಿನಿಂದ ಎರಡು ಮೈಲಿ ಒಳಗೆ, ಕನ್ನಮ್ಮನ ಗದ್ದೆಯಂಚಿನ ಆಲೆಮನೆಯಲ್ಲಿ ಬೆಳಗಿನ ಎರಡನೆಯ ಕೊಪ್ಪರಿಗೆ ಕುದಿಯುತ್ತಿತ್ತು. ಎರಡು ಕೋಣಗಳು ಗಾಣ ಎಳೆಯುತ್ತ ಸುತ್ತುತ್ತಿದ್ದವು. ಗಾಣದ ಬಾಯಿಗೆ ಕಬ್ಬು ಕೊಡುವ ಕೆಲಸ ಪುಟ್ಟಪ್ಪನದು. ಅವನು ಹೊಸನಗರದ ಬೆಳೆಗಾರರ ಸಂಘವೊಂದರಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಗಾಣಕ್ಕೆ ಕಬ್ಬು ಕೊಡುವವರು ಇಡೀ ತಾಲ್ಲೂಕಿನಲ್ಲಿ ಅವನೊಬ್ಬನೇ.

"ಗುಮಾಸ್ತರೇ, ಪೆನ್ನು ಜೋಪಾನ," ಎಂದು ಬೆಂಕಿಗೆ ಸೌದೆ ನೂಕುತ್ತಿದ್ದ ದುಗ್ಗಮ್ಮ ಕೂಗಿದಳು. ಅವಳು ಪಕ್ಕದ ಮನೆಯವಳು. ಬೆಂಕಿಯಷ್ಟೇ ಚೆನ್ನಾಗಿ ಸುದ್ದಿಯನ್ನೂ ಹಚ್ಚಬಲ್ಲವಳು.

ಪೆನ್ನಿನ ಮಾತಿಗೆ ಒಂದು ಹಿನ್ನೆಲೆಯಿದೆ. ನಾಲ್ಕು ವರ್ಷದ ಹಿಂದೆ ಪುಟ್ಟಪ್ಪ ಬಗ್ಗಿದಾಗ ಜೇಬಿನ ಶಾಯಿ ಪೆನ್ನು ಕಬ್ಬಿನ ಜೊತೆ ಗಾಣದೊಳಗೆ ಹೋಗಿತ್ತು. ಆ ಕೊಪ್ಪರಿಗೆಯ ಬೆಲ್ಲ ನೀಲಿ ಬಣ್ಣಕ್ಕೆ ತಿರುಗಿತ್ತು. ಮನುಷ್ಯರು ಯಾರೂ ಮುಟ್ಟದ್ದರಿಂದ ಅದನ್ನು ಕೊನೆಗೆ ಎಡಗಡೆಯ ಕೋಣಕ್ಕೆ ಇಟ್ಟಿದ್ದರು. ಅಂದಿನಿಂದ ಆ ಕೋಣಕ್ಕೆ ಮೇಷ್ಟ್ರು ಎಂದು ಹೆಸರಾಯಿತು. ಕರೆದರೆ ಈಗಲೂ ತಿರುಗಿ ನೋಡುತ್ತದೆ.

ಪುಟ್ಟಪ್ಪ ಇಲ್ಲಿಗೆ ಬರುತ್ತಿರುವುದು ಇದು ಹತ್ತನೆಯ ವರ್ಷ. ಪ್ರತಿ ವರ್ಷ ಆಲೆಮನೆಗೆ ಒಂದು ದಿನ ರಜೆ ಹಾಕಿ ಬಂದು, ಸಂಜೆಯವರೆಗೆ ದುಡಿದು ಹೋಗುತ್ತಾನೆ. ಕೇಳಿದರೆ, "ಮುಯ್ಯಾಳು" ಎನ್ನುತ್ತಾನೆ. ನಾನು ನಿನ್ನ ಗದ್ದೆಗೆ ಒಂದು ದಿನ ಬಂದರೆ ನೀನು ನನ್ನ ಗದ್ದೆಗೆ ಒಂದು ದಿನ ಬರಬೇಕು, ಅದು ಮುಯ್ಯಿ. ಆದರೆ ಪುಟ್ಟಪ್ಪನಿಗೆ ಗದ್ದೆಯೇ ಇಲ್ಲ. ಹೊಸನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಅಂಗಳದಲ್ಲಿ ಒಂದು ತುಳಸಿ.

"ಹತ್ತಾಳು ಮುಯ್ಯಿ ಏರಿತು ಕನ್ನಮ್ಮ," ಎಂದಳು ದುಗ್ಗಮ್ಮ. "ತೀರಿಸೂದು ಎಲ್ಲಿಗೆ ಹೋಗಿ? ತುಳಸಿಗೆ ನೇಗಿಲು ಹೂಡ್ಲಿಕ್ಕಾ?"

ಕೊಪ್ಪರಿಗೆಯ ನೊರೆ ತೆಗೆಯುತ್ತಿದ್ದ ಕನ್ನಮ್ಮ ನಕ್ಕಳು. ನಲವತ್ತೈದರ ಹೆಂಗಸು, ಹಣೆಯಲ್ಲಿ ಕಾಸಿನಗಲದ ಕುಂಕುಮ, ಕೈತುಂಬ ಗಾಜಿನ ಬಳೆ. ಗಂಡ ಜಟ್ಟಿಂಗಪ್ಪ ಕಾಫಿ ಕೊಯ್ಲಿಗೆಂದು ಹೋಗಿ ಹತ್ತು ವರ್ಷ ದಾಟಿತ್ತು. ಬಳೆಯನ್ನು ಅವಳು ಪ್ರತಿ ವರ್ಷ ಹೊಸದಾಗಿ ತೊಡುತ್ತಿದ್ದಳು.

ಅಷ್ಟರಲ್ಲಿ ಅಂಚೆಯ ಜಯಪ್ಪ ಗದ್ದೆಯ ಅಂಚಿನ ಮೇಲೆ ಸೈಕಲ್ಲು ನೂಕಿಕೊಂಡು ಬಂದ.

"ಕನ್ನಮ್ಮಾ, ಕಾಗದ! ನಿಂಗಲ್ಲ. ನಿನ್ನ ಯಜಮಾನ್ರಿಗೆ."

ಗಾಣ ನಿಂತಿತು. ಯಾರೂ ಹೇಳದಿದ್ದರೂ ಮೇಷ್ಟ್ರು ತಾನಾಗಿ ನಿಂತಿತು. ಜಯಪ್ಪ ಕಾಗದ ಬಿಡಿಸಿದ. ಅಕ್ಷರ ಇಂಗ್ಲಿಷಿನವು, ಮಾತು ಕನ್ನಡದವು. ಅದನ್ನು ಅವನು ಒಂದೊಂದೇ ಕಲ್ಲು ದಾಟುವವನಂತೆ ಓದಿದ: "ಸದಸ್ಯ ಸಂಖ್ಯೆ ಇನ್ನೂರ ಹನ್ನೆರಡು. ಜಟ್ಟಿಂಗಪ್ಪ ಬಿನ್ ಗಿರಿಯಪ್ಪ. ಸದ್ಯದ ಸ್ಥಿತಿ: ಕೊಪ್ಪದ ಕಡೆ ಕಾಪಿ ತೋಟದಲ್ಲಿ. ಸಂಘದ ಬೆಳ್ಳಿಹಬ್ಬಕ್ಕೆ ತಾವು ಖುದ್ದಾಗಿ ಬಂದು ಶಾಲು ಸ್ವೀಕರಿಸತಕ್ಕದ್ದು."

"ಯಾರು ಬರೆದದ್ದು?" ಕನ್ನಮ್ಮನ ಕೈಯ ಸೌಟಿನಿಂದ ನೊರೆ ತೊಟ್ಟಿಕ್ಕುತ್ತಿತ್ತು.

"ಯಾರೂ ಬರೆದದ್ದಲ್ಲ ಮಾರಾಯ್ತಿ. ಕಂಪ್ಯೂಟರ್ ಬರೆದದ್ದು. ಸಾಗರದಲ್ಲಿ ಕೂತದೆ. ಅದು ನಮ್ಮ ಹಾಗಲ್ಲ, ಮುಖ ನೋಡಿ ಮಾತಾಡೂದಿಲ್ಲ. ಇದ್ದದ್ದು ಇದ್ದ ಹಾಗೆ."

ಕನ್ನಮ್ಮ ಪುಟ್ಟಪ್ಪನ ಕಡೆ ತಿರುಗಿದಳು. "ಹೌದನಾ ಪುಟ್ಟಪ್ಪಣ್ಣ? ತೋಟದಲ್ಲೇ ಇದ್ದಾರನಾ?"

ಪುಟ್ಟಪ್ಪ ಬಾಯಿ ತೆರೆದ. ಪೂರ್ತಿ ತೆರೆದ. ಕಬ್ಬಿನ ಜಲ್ಲೆಯೊಂದನ್ನು ಎದೆಗೆ ಅವುಚಿಕೊಂಡು, "ಕೊಪ್ಪದ ಕಡೆ..." ಎಂದ. ಅಲ್ಲಿಗೆ ನಿಂತ. ಅಷ್ಟರಲ್ಲಿ ದುಗ್ಗಮ್ಮ "ಅಯ್ಯೋ ನಮ್ಮವ್ವಾ!" ಎಂದು ಕೂಗಿ ಕನ್ನಮ್ಮನನ್ನು ತಬ್ಬಿದಳು, ಜಯಪ್ಪ ಸೈಕಲ್ಲಿನ ಗಂಟೆ ಬಾರಿಸಿದ, ಕೊಪ್ಪರಿಗೆ ಉಕ್ಕಿತು. ಕನ್ನಮ್ಮ ಬಾಳೆಲೆಯ ತುಂಡಿಗೆ ಇನ್ನೂ ಗಟ್ಟಿಯಾಗದ ಬಿಸಿ ಜೋನಿ ಬೆಲ್ಲ ಬಡಿಸಿ ಪುಟ್ಟಪ್ಪನ ಕೈಗೆ ಕೊಟ್ಟಳು. ಪುಟ್ಟಪ್ಪ ತಿಂದ. ಜೋನಿ ಬೆಲ್ಲ ಬಾಯಲ್ಲಿದ್ದಾಗ ಎಂಥ ವಾಚಾಳಿಗೂ ಮಾತು ಹೊರಡುವುದಿಲ್ಲ.

ಇದೇ ಆಲೆಮನೆಯಲ್ಲಿ, ಇದೇ ಬೆಲ್ಲದಿಂದ, ಹತ್ತು ವರ್ಷದ ಹಿಂದೆ ಇದೇ ಅನಾಹುತ ಆಗಿತ್ತು.

ಎಪ್ಪತ್ತೊಂಬತ್ತರ ಜನವರಿಯಲ್ಲಿ ಪುಟ್ಟಪ್ಪ ಸಂಘದ ಕೆಲಸಕ್ಕೆ ತೀರ್ಥಹಳ್ಳಿಗೆ ಹೋಗಿದ್ದ. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ, ಗಂಟು ಹೊತ್ತುಕೊಂಡು ಶಿವಮೊಗ್ಗದ ಬಸ್ಸಿಗೆ ಓಡುತ್ತಿದ್ದ ಒಬ್ಬ ತೋಟದಾಳು ಹೊಸನಗರದವರು ಯಾರಾದರೂ ಇದ್ದಾರಾ ಎಂದು ಕೂಗಿದ್ದ. ನಾನು ಎಂದು ಪುಟ್ಟಪ್ಪ ಕೈಯೆತ್ತಿದ್ದ. ಅವನ ಬದುಕಿನಲ್ಲಿ ಅವನಾಗಿ ಕೈಯೆತ್ತಿದ್ದು ಅದೊಂದೇ ಸಲ. ತೋಟದಾಳು ಹೇಳಿದ್ದಿಷ್ಟು: ಜಟ್ಟಿಂಗಪ್ಪ ಕೊಪ್ಪದ ಕಡೆಯ ಕಾಫಿ ತೋಟದಲ್ಲಿದ್ದ, ಜ್ವರ ಬಂತು, ಒಂದು ಸೋಮವಾರ ಹೋಗಿಬಿಟ್ಟ, ಹಳ್ಳದ ದಂಡೆಯಲ್ಲಿ ಎಲ್ಲ ಕಾರ್ಯ ನಾವೇ ನಾಲ್ಕು ಜನ ಮಾಡಿದೆವು, ಹೆಂಡತಿಗೆ ಹೇಳಿಬಿಡಿ. ಇನ್ನೊಂದು ಮಾತೂ ಹೇಳಿದ. ಅಷ್ಟರಲ್ಲಿ ಬಸ್ಸು ಹೊರಟು, ಅವನು ಹತ್ತಿಹೋದ.

ಪುಟ್ಟಪ್ಪ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಇಲ್ಲಿಗೆ ಬಂದ. ಆಲೆಮನೆ ನಡೆದಿತ್ತು. ಹದಿನೈದು ಜನ ನಗುತ್ತಿದ್ದರು. "ಜಟ್ಟಿಂಗಪ್ಪ ಕೊಪ್ಪದ ಕಡೆ ಕಾಫಿ ತೋಟದಲ್ಲಿ..." ಎಂದು ಅವನು ಶುರುಮಾಡಿ ಉಸಿರು ತೆಗೆದುಕೊಂಡ. ಆ ಒಂದು ಉಸಿರಿನ ಜಾಗದಲ್ಲಿ ಕನ್ನಮ್ಮ, "ಹಂಗಾರೆ ಚೆನ್ನಾಗಿದ್ದಾರೆ!" ಎಂದು ನಕ್ಕು ಕೈಗೆ ಬೆಲ್ಲದ ಎಲೆ ಇಟ್ಟಳು. ಉಳಿದ ಮಾತು ಅಲ್ಲೇ ಉಳಿಯಿತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂಬುದಕ್ಕೆ ಹತ್ತು ವರ್ಷ ತುಂಬಿತು.

ಕನ್ನಮ್ಮನಿಗೆ ಹೇಳದ್ದನ್ನು ಅವನು ರಿಜಿಸ್ಟರಿಗೆ ಹೇಳಿದ್ದ. ಸಂಘದ ಸದಸ್ಯರ ಪುಸ್ತಕದಲ್ಲಿ 'ಸದ್ಯದ ಸ್ಥಿತಿ' ಎಂಬ ಕಾಲಂ ಇತ್ತು. ಬೇರೆ ಗುಮಾಸ್ತರಾಗಿದ್ದರೆ 'ಇದ್ದಾರೆ', 'ಇಲ್ಲ' ಎಂದು ಗೀಚಿ ಮುಗಿಸುತ್ತಿದ್ದರು. ಪುಟ್ಟಪ್ಪನಿಗೆ ಸದಸ್ಯರೆಂದರೆ ಅಷ್ಟು ಸಣ್ಣ ವಿಷಯವಾಗಿರಲಿಲ್ಲ. ಒಬ್ಬೊಬ್ಬರಿಗೂ ಒಂದು ಪೂರ್ತಿ ವಾಕ್ಯ. ಅದೂ ಅಶುಭವನ್ನು ಯಾರ ಹೆಸರಿನ ಪಕ್ಕಕ್ಕೂ ತಾಗಿಸಿ ಬರೆಯುತ್ತಿರಲಿಲ್ಲ. ಮೊದಲು ಊರು, ಕೇರಿ, ಕೆಲಸ ಹೇಳಿ, ಕಟ್ಟಕಡೆಗೆ ಸಾವು. ಸಾವಿನ ಸುದ್ದಿ ಹೇಳುವವನು ಮೊದಲು ಜಗಲಿಯ ಮೇಲೆ ಕೂತು ನೀರು ಕುಡಿಯಬೇಕಲ್ಲವೇ, ಹಾಗೆ.

ಕಳೆದ ಮಳೆಗಾಲದಲ್ಲಿ ಸಂಘದ ಕೆಲಸಕ್ಕೆಂದು ಸಾಗರದ ಒಂದು ಕೋಣೆಗೆ ಕಂಪ್ಯೂಟರ್ ಬಂತು. ಪುಸ್ತಕದಲ್ಲಿದ್ದುದನ್ನೆಲ್ಲ ಪುಟ್ಟಪ್ಪ ಕನ್ನಡದ ಮಾತಿನಲ್ಲೇ, ಇಂಗ್ಲಿಷಿನ ಅಕ್ಷರದಲ್ಲಿ, ಒಂದಕ್ಷರ ಬಿಡದೆ ಬರೆದು ವಾರಕ್ಕೆರಡು ಸಲ ಬಸ್ಸಿನಲ್ಲಿ ಒಯ್ದು ಕೊಟ್ಟ. ಬೆಳ್ಳಿಹಬ್ಬದ ಕರೆಯೋಲೆಗಳು ಅಲ್ಲಿಂದಲೇ ನೇರವಾಗಿ ಅಂಚೆಗೆ ಬಿದ್ದಿದ್ದವು. ಪುಟ್ಟಪ್ಪ ಅವುಗಳಲ್ಲಿ ಒಂದನ್ನೂ ನೋಡಿರಲಿಲ್ಲ.

*

ಮರುದಿನ ಶುಕ್ರವಾರ ಬೆಳಿಗ್ಗೆ ಪುಟ್ಟಪ್ಪ ಸಂಘದ ಬಾಗಿಲಿಗೆ ಬಂದರೆ ಒಳಗೆ ಹೋಗಲು ಜಾಗವಿರಲಿಲ್ಲ. ದುಗ್ಗಮ್ಮ ಮೊದಲ ಬಸ್ಸಿಗೇ ಬಂದು ಹೋಗಿದ್ದಳೆಂಬುದು ಸ್ಪಷ್ಟವಾಗಿತ್ತು. ಹತ್ತು ವರ್ಷ ಕಾಣೆಯಾದವನನ್ನು ಸಂಘದ ಕಂಪ್ಯೂಟರ್ ಪತ್ತೆ ಮಾಡಿದೆ ಎಂಬ ಸುದ್ದಿಗೆ ಕಾಣೆಯಾದದ್ದನ್ನೆಲ್ಲ ನೆನಪಿಟ್ಟುಕೊಂಡಿದ್ದ ಜನ ಸೇರಿದ್ದರು.

"ಎರಡು ವರ್ಷದ ಎಮ್ಮೆಕರು," ಎಂದ ಮಾರಪ್ಪನೆಂಬ ಮುದುಕ. "ಹಣೆ ಮೇಲೆ ಬಿಳಿ ಚುಕ್ಕೆ. ಹುಂಚದ ಹೊಳೆ ದಾಟಿದ್ದನ್ನ ಕಂಡವರಿದ್ದಾರೆ. ಅಲ್ಲಿಂದ ಮುಂದಿನದ್ದು ಕಂಪ್ಯೂಟರ್ ಹೇಳಿದ್ರೆ ಸಾಕು."

"ನನ್ನ ತಮ್ಮ ಬೊಂಬಾಯಿ ಹೋಟ್ಲಿಗೆ ಓಡಿಹೋದ," ಎಂದಳು ತುಂಗಮ್ಮ. "ಹೋಗುವಾಗ ಹಿತ್ತಾಳೆ ಚೆಂಬು ಹೊತ್ಕೊಂಡೇ ಹೋದ. ಅವ ಎಲ್ಲಿದ್ರೂ ಅಡ್ಡಿಲ್ಲ, ಚೆಂಬು ಎಲ್ಲಿದೆ ಅಂತ ಕೇಳಿ."

ಇವರೆಲ್ಲರನ್ನು ಸರಿಸಿಕೊಂಡು ಸಂಘದ ಸದಸ್ಯ ದುಗ್ಗಪ್ಪ ಮುಂದೆ ಬಂದ; ದುಗ್ಗಮ್ಮನಿಗೆ ಇವನು ಹೆಸರಿನಲ್ಲಿ ಮಾತ್ರ ನೆಂಟ. ಬೆಂಕಿಯಂಥ ಮನುಷ್ಯ. ಕೈಯಲ್ಲಿ ಅವನ ಕರೆಯೋಲೆ.

"ಪುಟ್ಟಪ್ಪ, ಇದನ್ನ ಓದು. ಗಟ್ಟಿಯಾಗಿ ಓದು."

ಪುಟ್ಟಪ್ಪ ಓದಿದ: "ದುಗ್ಗಪ್ಪ. ಸದ್ಯದ ಸ್ಥಿತಿ: ಸಂಘದ ಗೋಣಿಚೀಲ ಕದ್ದವನ."

"ಕದ್ದವನಾ ನಾನು?"

"ಅಲ್ಲ ದುಗ್ಗಪ್ಪಣ್ಣ! ಕದ್ದವನನ್ನು ಹಿಡಿದುಕೊಟ್ಟವರು ಅಂತ ಬರ್ದಿದ್ದೆ ನಾನು. ಹೊಗಳಿ ಬರ್ದದ್ದು."

"ಹಿಡಿದುಕೊಟ್ಟದ್ದು ಎಲ್ಲಿ ಹೋಯ್ತು ಹಂಗಾರೆ? ನನ್ನ ಹೆಂಡತಿ ಇದನ್ನ ಓದಿಸಿಕೊಂಡು ಬಂದು ಅಟ್ಟ ಹತ್ತಿ ಗೋಣಿಚೀಲ ಎಣಿಸ್ತಾ ಕೂತಿದ್ದಾಳೆ!"

ಈ ಗದ್ದಲದ ಮೇಲಿನಿಂದ ಅಧ್ಯಕ್ಷ ಹೂವಯ್ಯನವರ ಕೆಮ್ಮು ಕೇಳಿತು. ಭಾಷಣಕ್ಕೆ ಮುಂಚೆ ಅವರು ಮೂರು ಸಲ ಕೆಮ್ಮುವುದು ತಾಲ್ಲೂಕಿಗೇ ಗೊತ್ತು. ಎರಡನೆಯ ಕೆಮ್ಮಿಗೆ ಜಾಣರು ಬಾಗಿಲು ಸೇರುತ್ತಾರೆ. ಅಂದು ಜಾಣರಿಗೆ ದಾರಿ ಇರಲಿಲ್ಲ.

"ಬಂಧುಗಳೇ, ಸಣ್ಣಪುಟ್ಟ ಗೋಣಿಚೀಲದ ಮಾತು ಬಿಡಿ. ಈ ಸಂಘ ಬಿತ್ತನೆ ಭತ್ತ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ. ಇವತ್ತು ಒಬ್ಬ ತಾಯಿಗೆ ಗಂಡನನ್ನೇ ಕೊಡ್ತಾ ಇದೆ! ಬರುವ ಸೋಮವಾರ ಬೆಳಿಗ್ಗೆ ಸಂಘದ ಜೀಪು ನಿಟ್ಟೂರಿಗೆ ಹೋಗಿ ಕನ್ನಮ್ಮನನ್ನು ಹತ್ತಿಸಿಕೊಂಡು ಕೊಪ್ಪಕ್ಕೆ ಹೋಗ್ತದೆ. ಖರ್ಚು ಸಂಘದ್ದು, ಹಾರ ನನ್ನದು. ಬುಧವಾರದ ಬೆಳ್ಳಿಹಬ್ಬದಲ್ಲಿ ಮೊದಲ ಶಾಲು ಜಟ್ಟಿಂಗಪ್ಪನಿಗೆ!"

"ಅಧ್ಯಕ್ಷರೇ," ಎಂದ ಪುಟ್ಟಪ್ಪ. "ಆ ಜಟ್ಟಿಂಗಪ್ಪ..."

"ಗೊತ್ತು ಪುಟ್ಟಪ್ಪ. ಹುಡುಕಿದ ಕೀರ್ತಿಯಲ್ಲಿ ನಿಂಗೂ ಒಂದು ಪಾಲಿದೆ. ಭಾಷಣದಲ್ಲಿ ಹೇಳ್ತೀನಿ."

"ಅದಲ್ಲ. ಅವನು ಕೊಪ್ಪದ ಕಡೆ..."

"ಹೌದಪ್ಪಾ, ಕೊಪ್ಪದ ಕಡೆ! ಜೀಪೂ ಕೊಪ್ಪದ ಕಡೆಗೇ ಹೋಗೂದು!"

ಜನ ಚಪ್ಪಾಳೆ ತಟ್ಟಿದರು. ಕೋಪದಲ್ಲಿದ್ದ ದುಗ್ಗಪ್ಪನೂ ತಟ್ಟಿದ. ಚಪ್ಪಾಳೆ ನಿಂತಾಗ ಬಾಗಿಲಲ್ಲಿ ಕನ್ನಮ್ಮ ನಿಂತಿದ್ದಳು. ಆಲೆಮನೆ ಬಿಟ್ಟು ಬಂದಿದ್ದಳು. ಸೀರೆಯಲ್ಲಿ ಹೊಗೆಯ ವಾಸನೆ. ಕೈಯಲ್ಲಿ ಹಸಿರು ಬಳೆ, ಪೇಟೆಯಲ್ಲಿ ಆಗಷ್ಟೇ ತೊಡಿಸಿಕೊಂಡದ್ದು. ಅಷ್ಟು ಜನರ ಮಧ್ಯೆ ಅವಳು ಪುಟ್ಟಪ್ಪನನ್ನೇ ಹುಡುಕಿ ಕೇಳಿದಳು.

"ಪುಟ್ಟಪ್ಪಣ್ಣ, ಜೀಪಿನಲ್ಲಿ ಒಂದು ಡಬ್ಬಿ ಬೆಲ್ಲ ಇಡಬೌದನಾ? ಅವರಿಗೆ ನಮ್ಮ ಆಲೆಮನೆಯದ್ದೇ ಆಗಬೇಕು. ಜಾಗ ಇರ್ತದಾ?"

"ಇರ್ತದೆ," ಎಂದ ಪುಟ್ಟಪ್ಪ. ಅವನು ಆ ದಿನ ಪೂರ್ತಿಯಾಗಿ ಮುಗಿಸಿದ ವಾಕ್ಯ ಅದೊಂದೇ.

*

ಶನಿವಾರ ಅವನು ಸಾಗರಕ್ಕೆ ಹೋದ. ಕಂಪ್ಯೂಟರ್ ಕೋಣೆಗೆ ಹೊಗುವ ಮೊದಲು ಚಪ್ಪಲಿ ಬಿಟ್ಟು ಕಾಲು ತೊಳೆಯಬೇಕೆಂಬ ನಿಯಮವನ್ನು ಯಾರೂ ಮಾಡಿರಲಿಲ್ಲ. ಪುಟ್ಟಪ್ಪ ತಾನೇ ಮಾಡಿಕೊಂಡಿದ್ದ. ಒದ್ದೆ ಕಾಲಿನಲ್ಲಿ ಒಳಗೆ ಬಂದವನನ್ನು ನೋಡಿ, ಅಲ್ಲಿ ಕೆಲಸ ಮಾಡುವ ಮೂಕಾಂಬಿಕಾ ಎದ್ದು ನಿಂತಳು. ಇಕ್ಕೇರಿ ಕಡೆಯ ಹುಡುಗಿ, ಶಿವಮೊಗ್ಗದಲ್ಲಿ ಓದಿದವಳು. ಪುಟ್ಟಪ್ಪನ ಉದ್ದುದ್ದ ವಾಕ್ಯಗಳನ್ನು ಬೆರಳು ನೋಯುವಂತೆ ಒಳಗೆ ಹಾಕಿದವಳು ಅವಳೇ.

"ಬಯ್ಲಿಕ್ಕೆ ಬಂದ್ರಾ ಪುಟ್ಟಪ್ಪನವರೇ? ಬಯ್ಯಿರಿ. ನಿನ್ನೆಯಿಂದ ಏಳು ಜನ ಬಂದು ಬೈದು ಹೋದ್ರು."

"ಬಯ್ಲಿಕ್ಕಲ್ಲಮ್ಮ. ಕೇಳ್ಲಿಕ್ಕೆ. ನಾನು ಬರ್ದದ್ದು ಉದ್ದ ಇತ್ತು. ಬಂದದ್ದು ಗಿಡ್ಡ. ಮಧ್ಯದಲ್ಲಿ ಎಂತ ಆಯ್ತು?"

ಮೂಕಾಂಬಿಕಾ ಕುರ್ಚಿ ತೋರಿಸಿದಳು. ಪುಟ್ಟಪ್ಪ ಅದರ ತುದಿಯಲ್ಲಿ ಕೂತ.

"ಇದರೊಳಗೆ ಇಬ್ಬರು ಕೆಲಸದವರಿದ್ದಾರೆ ಅಂದ್ಕೊಳ್ಳಿ. ಒಬ್ಬ ಉಗ್ರಾಣದವನು. ನೀವು ಬರೆದದ್ದೆಲ್ಲ ಅವನ ಹತ್ತಿರ ಭದ್ರವಾಗಿದೆ. ಅವನಿಗೆ ಅರ್ಥವಾಗೋದು ಎಸ್‌ಕ್ಯೂಎಲ್ ಅನ್ನೋ ಭಾಷೆ. ಇನ್ನೊಬ್ಬ ಹೊರಗಿನ ಕೆಲಸದವನು, ಕರೆಯೋಲೆ ಅಚ್ಚು ಮಾಡೋನು. ಅವನ ಭಾಷೆ ಸಿ. ಇವನ ಮಾತು ಅವನಿಗೆ ನೇರ ತಿಳಿಯೋದಿಲ್ಲ, ಅವನದ್ದು ಇವನಿಗಿಲ್ಲ. ಅದಕ್ಕೆ ಮಧ್ಯದಲ್ಲಿ ಒಂದು ಡಬ್ಬಿ ಇಡ್ತೀವಿ. ಉಗ್ರಾಣದವನು ಮಾತನ್ನ ಆ ಡಬ್ಬಿಗೆ ಸುರೀತಾನೆ, ಇವನು ಅಲ್ಲಿಂದ ಎತ್ಕೋತಾನೆ."

"ಡಬ್ಬಿ ಎಷ್ಟು ದೊಡ್ಡದು?"

"ಅದೇ ಆದ ತಪ್ಪು. ನಾನು ಮೂವತ್ತು ಮನೆ ಸಾಕು ಅಂದ್ಕೊಂಡೆ. ಅದರಲ್ಲೂ ಕೊನೆಯ ಮನೆ ಖಾಲಿ ಬಿಡಬೇಕು, ಇಲ್ಲಿಗೆ ಮುಗೀತು ಅನ್ನೋ ಗುರುತಿಗೆ. ಉಳಿದದ್ದು ಇಪ್ಪತ್ತೊಂಬತ್ತು. ಸ್ಥಿತಿ ಅಂದ್ರೆ ಇದ್ದಾರೆ, ಇಲ್ಲ, ಅಷ್ಟೇ ತಾನೇ ಅಂತ. ನೀವು ಒಬ್ಬೊಬ್ಬರಿಗೆ ಅರವತ್ತು ಎಪ್ಪತ್ತು ಅಕ್ಷರ ಬರೆದಿದ್ದೀರಿ."

"ಹಿಡಿಸದ್ದು ಚೆಲ್ಲಿಹೋಗ್ತದಾ?"

"ಚೆಲ್ಲೋದಿಲ್ಲ. ಉಗ್ರಾಣದಲ್ಲೇ ಇರ್ತದೆ. ಈ ಕಡೆಗೆ ಬರೋದಿಲ್ಲ ಅಷ್ಟೇ."

ಪುಟ್ಟಪ್ಪ ಯಂತ್ರದ ಕಡೆಗೊಮ್ಮೆ ಬಗ್ಗಿ ನೋಡಿದ. ಮೇಲೆ ಫ್ಯಾನು ತಿರುಗುತ್ತಿತ್ತು. "ಎತ್ಕೊಂಡವನಿಗೆ ಗೊತ್ತಾಗೂದಿಲ್ವಾ, ಇದು ಅರ್ಧ ಅಂತ?"

"ಗೊತ್ತಾಗ್ತದೆ, ನೋಡಿದ್ರೆ. ಡಬ್ಬಿಯ ಜೊತೆ ಉಗ್ರಾಣದವನು ಒಂದು ಅಂಕಿನೂ ಕೊಡ್ತಾನೆ. ಮಾತು ಪೂರ್ತಿ ಎಷ್ಟುದ್ದ ಇತ್ತು ಅನ್ನೋ ಅಂಕಿ. ಡಬ್ಬಿಯಲ್ಲಿ ಇಪ್ಪತ್ತೊಂಬತ್ತು, ಅಂಕಿ ಅರವತ್ತೇಳು ಅಂದ್ರೆ ಇನ್ನೂ ಏನೋ ಉಳಿದಿದೆ ಅಂತ ಅರ್ಥ. ಆ ಅಂಕಿಯನ್ನ ನಾನು ನೋಡಲಿಲ್ಲ."

ಅರವತ್ತೇಳು ಎಂಬುದನ್ನು ಅವಳು ಸುಮ್ಮನೆ ಹೇಳಿರಲಿಲ್ಲ. ಮೇಜಿನ ಮೇಲಿನ ಹಾಳೆಯೊಂದನ್ನು ಅವನ ಕಡೆ ತಿರುಗಿಸಿದಳು. ಸದಸ್ಯ ಸಂಖ್ಯೆ ಇನ್ನೂರ ಹನ್ನೆರಡು. ಕೊಪ್ಪದ ಕಡೆ ಕಾಪಿ ತೋಟದಲ್ಲಿ ಜ್ವರ ಬಂದು ಒಂದು ಸೋಮವಾರ ತೀರಿಕೊಂಡರು.

"ಜೀಪಿನ ವಿಷಯ ಕೇಳಿದೆ," ಎಂದಳು. "ಆಗಲೇ ಇದನ್ನ ಹುಡುಕಿ ತೆಗೆದೆ. ಆ ಹೆಂಗಸಿಗೆ ಗೊತ್ತೇ ಇಲ್ವಾ?"

"ಇಲ್ಲ."

"ನಿಮಗೆ ಯಾವಾಗಿಂದ ಗೊತ್ತು?"

"ಎಪ್ಪತ್ತೊಂಬತ್ತರಿಂದ."

ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. "ತಪ್ಪು ನಂದು. ಸೋಮವಾರ ನಾನೇ ಬಂದು ಹೇಳ್ತೀನಿ," ಎಂದಳು.

"ಬೇಡಮ್ಮ. ನಿಮ್ಮ ಡಬ್ಬಿ ತುಂಡು ಮಾಡಿದ್ದು ಈ ವಾರ. ನಂದು ಹತ್ತು ವರ್ಷ ಆಯ್ತು." ಏಳುತ್ತ ಕೇಳಿದ, "ಸರಿಮಾಡ್ಲಿಕ್ಕೆ ಎಷ್ಟು ದಿನ ಬೇಕು ನಿಮ್ಗೆ?"

"ದಿನ ಎಲ್ಲಿ? ಮೂವತ್ತು ಅಂತ ಇರೋದನ್ನ ನೂರು ಅಂತ ಮಾಡೋದು. ಐದು ನಿಮಿಷ."

"ಐದು ನಿಮಿಷ," ಎಂದ ಪುಟ್ಟಪ್ಪ.

ಹೊರಡುವಾಗ ಅವಳು ಆ ಹಾಳೆಯನ್ನು ಮಡಿಸಿ ಕೊಡಲು ಬಂದಳು, ತೋರಿಸಿದರೆ ಸಾಕಾಗುತ್ತದೆ ಎಂದಳು. ಪುಟ್ಟಪ್ಪ ತೆಗೆದುಕೊಳ್ಳಲಿಲ್ಲ. "ಬಾಯಲ್ಲಿ ಕೊಟ್ಟು ಕಳಿಸಿದ್ದು. ಬಾಯಲ್ಲೇ ಕೊಡ್ಬೇಕು," ಎಂದು ಚಪ್ಪಲಿ ಮೆಟ್ಟಿದ. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ, "ಐದು ನಿಮಿಷ" ಎಂದನಂತೆ. ಕಂಡಕ್ಟರ್ ಪರಿಚಯದವನಾದ್ದರಿಂದ ಹೊಸನಗರದ ಟಿಕೆಟ್ಟೇ ಹರಿದುಕೊಟ್ಟ.

*

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಪುಟ್ಟಪ್ಪ ನಿಟ್ಟೂರಿನಲ್ಲಿ ಇಳಿದ. ಇಬ್ಬನಿಯಲ್ಲಿ ನಡೆದು ಆಲೆಮನೆ ಮುಟ್ಟಿದಾಗ ಒಲೆಗೆ ಆಗಷ್ಟೇ ಉರಿ ಹಿಡಿದಿತ್ತು. ಕನ್ನಮ್ಮ ಒಬ್ಬಳೇ ಇದ್ದಳು, ಹೊಸ ಸೀರೆಯ ಮೇಲೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು. ಪಕ್ಕದಲ್ಲಿ ತಿಕ್ಕಿ ಬೆಳಗಿದ ಬೆಲ್ಲದ ಡಬ್ಬಿ ಬಾಯಿ ತೆರೆದು ಕಾಯುತ್ತಿತ್ತು.

"ಜೀಪು ಬರುವಷ್ಟರಲ್ಲಿ ಒಂದು ಕೊಪ್ಪರಿಗೆ ಇಳಿಸಿಬಿಡುವ ಅಂತ," ಎಂದಳು. "ಹೊಸ ಬೆಲ್ಲವೇ ಒಯ್ಬೇಕು. ನೀವು ಹನ್ನೊಂದನೇ ಆಳು ಬಂದ್ರಾ ಪುಟ್ಟಪ್ಪಣ್ಣ?"

"ಕೆಲಸಕ್ಕೆ ಬಂದದ್ದಲ್ಲ ಕನ್ನಮ್ಮ. ಮಾತು ಹೇಳ್ಲಿಕ್ಕೆ."

"ಕೂತ್ಕೊಳ್ಳಿ. ನೀರು ಕೊಡ್ತೀನಿ."

"ನೀರು ಬೇಡ. ಬಾಯಿಗೆ ಎಂತದೂ ಕೊಡ್ಬೇಡ. ಮುಗಿಯೂವರೆಗೆ ಕೊಡ್ಬೇಡ."

ಕನ್ನಮ್ಮನ ಕೈಯ ಸೌಟು ನಿಂತಿತು. ಪುಟ್ಟಪ್ಪ ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನಂತೆ ಎರಡೂ ಕೈ ಇಳಿಬಿಟ್ಟು ನಿಂತು ಹೇಳಿದ. ತೀರ್ಥಹಳ್ಳಿಯ ಬಸ್ ಸ್ಟ್ಯಾಂಡು, ಗಂಟು ಹೊತ್ತ ಆಳು, ಕಾಫಿ ತೋಟ, ಜ್ವರ, ಸೋಮವಾರ. ಹಳ್ಳದ ದಂಡೆಯಲ್ಲಿ ನಾಲ್ಕು ಜನ ಸೇರಿ ಕಾರ್ಯ ಮಾಡಿದ್ದು. ಉಸಿರು ತೆಗೆದುಕೊಳ್ಳಲು ಎಲ್ಲೂ ನಿಲ್ಲಲಿಲ್ಲ. ನಿಂತಲ್ಲಿ ಯಾರಾದರೂ ನಕ್ಕುಬಿಟ್ಟರೆ ಎಂಬ ಹೆದರಿಕೆ ಅವನಿಗೆ ಹತ್ತು ವರ್ಷದಿಂದ ಇತ್ತು.

ಅಲ್ಲಿ ನಗುವವರು ಯಾರೂ ಇರಲಿಲ್ಲ. ಮೇಷ್ಟ್ರು ಮತ್ತು ಅದರ ಜೋಡಿ ಕೋಣ ಹ್ಯಾಗಿದ್ದವೋ ಹಾಗೆ ನಿಂತಿದ್ದವು.

"ಇನ್ನೂ ಒಂದು ಉಳಿದಿದೆ," ಎಂದ ಪುಟ್ಟಪ್ಪ. "ಇದನ್ನ ನಾನು ರಿಜಿಸ್ಟರಲ್ಲೂ ಬರೀಲಿಲ್ಲ. ಹಿಂದಿನ ದಿನ ಸ್ವಲ್ಪ ಎಚ್ಚರ ಆಗಿತ್ತಂತೆ. ನಮ್ಮ ಮನೇಲಿ ಆಲೆಮನೆ ಆಯ್ತೇನೋ ಅಂತ ಕೇಳಿದನಂತೆ. ಎರಡು ಸಲ ಕೇಳಿದನಂತೆ."

ಕನ್ನಮ್ಮ ಒಲೆಯ ಕಟ್ಟೆಗೆ ಒರಗಿ ಕೂತಳು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಸಣ್ಣಗೆ ಸದ್ದು ಮಾಡತೊಡಗಿತ್ತು.

"ಆಯ್ತು ಅಂತ ಯಾರಾದ್ರೂ ಹೇಳಿದ್ರನಾ ಅವರಿಗೆ?"

"ಅದು ನಂಗೆ ಗೊತ್ತಿಲ್ಲ ಕನ್ನಮ್ಮ. ಬಸ್ಸು ಹೊರಟುಬಿಡ್ತು."

ಅವಳು ಕೂತಲ್ಲಿಂದಲೇ ಒಲೆಗೆ ಒಂದು ಸೌದೆ ನೂಕಿ ಮಾತಾಡಿದಳು. ದನಿ ಏರಲಿಲ್ಲ. "ಅವತ್ತು ನೀವು ಬಾಯಿ ತೆರೆದದ್ದು ದೊಡ್ಡದು, ಬಂದ ಮಾತು ಸಣ್ಣದು. ಇನ್ನೂ ಉಂಟು ಅಂತ ನಂಗೆ ಅವತ್ತೇ ಕಂಡಿತ್ತು. ಅದಕ್ಕೇ ಬೆಲ್ಲ ಇಟ್ಟದ್ದು."

ಪುಟ್ಟಪ್ಪ ತಲೆಯೆತ್ತಿದ.

"ವರ್ಷ ವರ್ಷ ಬಂದು ಕಬ್ಬು ಕೊಟ್ರಿ. ಎಂತಕ್ಕೆ ಬರ್ತೀರಿ ಅಂತ ನಾ ಒಂದಿನ ಕೇಳಲಿಲ್ಲ. ಕೇಳಿದ್ರೆ ನೀವು ಹೇಳಿಬಿಡ್ತಿದ್ರಿ."

"ಹಂಗಾರೆ ಈ ಜೀಪು, ಬಳೆ..."

"ಮಿಶನ್ನು ಬರೆದದ್ದು ಅಂದ್ರಲ್ಲ ಜಯಪ್ಪ. ಅದು ಮುಖ ನೋಡೂದಿಲ್ಲ ಅಂದ್ರಲ್ಲ. ಪುಟ್ಟಪ್ಪಣ್ಣಂಗಾದ್ರೆ ನನ್ನ ಮೇಲೆ ಕರುಣೆ, ಮುಚ್ಚಿಟ್ಟಾರು. ಅದಕ್ಕೆ ನನ್ನ ಮೇಲೆ ಎಂತ ಕರುಣೆ? ಹಂಗಾರೆ ನಾನೇ ತಪ್ಪು ತಿಳಿದದ್ದು, ಇದ್ದಾರೆ, ಅಂತ... ನಾಲ್ಕು ದಿನ ಅಂದ್ಕೊಂಡೆ."

ಸಾವಿನ ಮಾತನ್ನು ಹಿಂದೆ ಉಳಿಸಿದ ಮೂಕಾಂಬಿಕಾಳ ಡಬ್ಬಿಗೂ ಕರುಣೆಯಿತ್ತೆಂದು ಹೇಳಬಹುದಾಗಿತ್ತು. ಪುಟ್ಟಪ್ಪ ಹೇಳಲಿಲ್ಲ.

ಹಾಲು ಉಕ್ಕಿ ಮೇಲೆ ಬಂತು. ಇಬ್ಬರೂ ಏನೂ ಆಗದವರಂತೆ ಕೆಲಸಕ್ಕೆ ತೊಡಗಿದರು. ಅವಳು ನೊರೆ ತೆಗೆದಳು, ಅವನು ಉರಿ ಇಳಿಸಿದ. ಆಮೇಲೆ ಅವಳು ಪಾಕ ತಿರುವುತ್ತ, ಕೊಪ್ಪರಿಗೆಯಿಂದ ಕಣ್ಣು ತೆಗೆಯದೆ ಕೇಳಿದಳು:

"ಯಾವ ಸೋಮವಾರ?"

ಅಮಾವಾಸ್ಯೆಯ ಮುಂಚೆಯೋ ಆಚೆಯೋ, ಯಾವ ತಿಂಗಳೋ, ಪುಟ್ಟಪ್ಪ ಕೇಳಿರಲಿಲ್ಲ. ಆ ಆಳೂ ಹೇಳಿರಲಿಲ್ಲ. ತೀರಿಕೊಂಡವರಿಗೆ ವರ್ಷಾವಧಿ ಎಡೆ ಇಡಲು ಬೇಕಾದ್ದು ಅದೊಂದೇ ಆಗಿತ್ತು.

"ಇವತ್ತು ಯಾವ ವಾರ?" ಎಂದಳು ಕನ್ನಮ್ಮ.

"ಸೋಮವಾರ."

"ಹಂಗಾರೆ ಇವತ್ತೇ."

ಕೆಳಗಿನ ರಸ್ತೆಯಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಹೂವಯ್ಯನವರು ಬಿಳಿ ಪಂಚೆ ಎತ್ತಿಹಿಡಿದು, ಕೈಯಲ್ಲಿ ಮೊಳಗಟ್ಟಲೆ ಸೇವಂತಿಗೆ ಹಾರ ತೂಗಾಡಿಸುತ್ತ, ದೂರದಿಂದಲೇ ಕೆಮ್ಮುತ್ತ ಗದ್ದೆಯ ಅಂಚಿನಲ್ಲಿ ಬಂದರು. ಒಂದನೆಯ ಕೆಮ್ಮು ಆಯಿತು, ಎರಡನೆಯದಾಯಿತು. ಮೂರನೆಯದಕ್ಕೆ ಮುಂಚೆ ಪುಟ್ಟಪ್ಪ ಎದುರಿಗೆ ಹೋಗಿ ನಿಂತ.

"ಅಧ್ಯಕ್ಷರೇ, ಜಟ್ಟಿಂಗಪ್ಪ ಕೊಪ್ಪದ ಕಡೆ ಕಾಫಿ ತೋಟದಲ್ಲಿ ಜ್ವರ ಬಂದು ಒಂದು ಸೋಮವಾರ ತೀರಿಕೊಂಡ, ಹತ್ತು ವರ್ಷ ಆಯ್ತು, ಹೇಳದೆ ಇದ್ದವನು ನಾನು."

ಹೂವಯ್ಯನವರ ಮೂರನೆಯ ಕೆಮ್ಮು ಗಂಟಲಲ್ಲೇ ನಿಂತಿತು. ಇಪ್ಪತ್ತೈದು ವರ್ಷದ ಸಾರ್ವಜನಿಕ ಜೀವನದಲ್ಲಿ ಅವರಿಗೆ ಮಾತು ಸಿಗದೆ ಹೋದದ್ದು ಅದೇ ಮೊದಲು. ಪಂಚೆ ಕೈಬಿಟ್ಟರು. ಹಾರವನ್ನು ಏನು ಮಾಡುವುದೆಂದು ತಿಳಿಯದೆ ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ಇಲ್ಲಿ ಕೊಡಿ," ಎಂದಳು ಕನ್ನಮ್ಮ.

ಅವಳು ಒಲೆಯ ಪಕ್ಕದ ನೆಲವನ್ನು ನೀರು ಚಿಮುಕಿಸಿ ಬಳಿದು, ಬಾಳೆಲೆಯ ತುಂಡೊಂದನ್ನು ಹಾಸಿದಳು. ಹದಕ್ಕೆ ಬಂದ ಹೊಸ ಬೆಲ್ಲವನ್ನು ಡಬ್ಬಿಗೆ ಸುರಿಯದೆ ಮೊದಲು ಆ ಎಲೆಗೆ ಬಡಿಸಿದಳು. ಎಲೆಯ ಸುತ್ತ ಹಾರ ಇಟ್ಟಳು. "ಆಯ್ತು ಈ ಸಲದ್ದು," ಎಂದಳು ಎಲೆಗೆ. "ಎಲ್ಲ ಸಲದ್ದೂ ಆಯ್ತು." ಬಳೆಗಳನ್ನು ಒಡೆಯಲಿಲ್ಲ. ಒಂದೊಂದಾಗಿ ಜಾರಿಸಿ ಖಾಲಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು. ಹೂವಯ್ಯನವರು ಚಪ್ಪಲಿ ಬಿಟ್ಟು ಕೈಮುಗಿದರು.

ಸ್ವಲ್ಪ ಹೊತ್ತಿಗೆ ದುಗ್ಗಮ್ಮನೂ ಆಳುಗಳೂ ಬಂದರು. ಬಂದವರು ನೋಡಿದರು, ಕೇಳಲಿಲ್ಲ. ಕೇಳದೆ ಇರುವುದು ದುಗ್ಗಮ್ಮನಿಗೆ ಎಷ್ಟು ಕಷ್ಟವೆಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೂ ಅವಳು ಹೋಗಿ ಒಲೆಗೆ ಸೌದೆ ನೂಕಿದಳು.

ಪುಟ್ಟಪ್ಪ ಹೊರಡಲೋ ನಿಲ್ಲಲೋ ತಿಳಿಯದೆ ಗಾಣದ ಬಳಿ ನಿಂತಿದ್ದ. ಕನ್ನಮ್ಮ ಇನ್ನೊಂದು ಎಲೆಯಲ್ಲಿ ಬೆಲ್ಲ ತಂದಳು. ಬೋಳು ಕೈ.

"ಹತ್ತಾಳಿನ ಮುಯ್ಯಿ ಇವತ್ತಿಗೆ ತೀರಿತು ಪುಟ್ಟಪ್ಪಣ್ಣ. ಯಾವ ಸೋಮವಾರ ಅನ್ನೂದೊಂದು ನಿಮ್ಮ ಮೇಲೆ ಬಾಕಿ. ಆ ತೋಟ ಹುಡುಕಿ ಕೇಳ್ಕೊಂಡು ಬನ್ನಿ. ಎಷ್ಟು ವರ್ಷ ಆದ್ರೂ ಅಡ್ಡಿಲ್ಲ. ಪೂರ್ತಿ ಕೇಳ್ಕೊಂಡು ಬನ್ನಿ."

"ಆಯ್ತು," ಎಂದ ಪುಟ್ಟಪ್ಪ.

"ಈಗ ತಿನ್ನಿ," ಎಂದಳು ಕನ್ನಮ್ಮ. "ಬಾಯಿ ಖಾಲಿ ಆಯ್ತಲ್ಲ."